ನೀಟ್‌ನಲ್ಲಿ ಇಷ್ಟು ಮಾರ್ಕ್ಸ್ ಬಂದಿದೆ, ಎಂಬಿಬಿಎಸ್ ಸೀಟು ಸಿಗುತ್ತಾ? ಕೊಡಗಿನ ಮಕ್ಕಳಿಗೂ ಪೋಷಕರಿಗೂ ಒಂದಿಷ್ಟು ಲೆಕ್ಕ

ನೀಟ್ ಫಲಿತಾಂಶ ಬಂದ ವಾರ ಕೊಡಗಿನಲ್ಲಿ ಎಲ್ಲಿ ಹೋದರೂ ಒಂದೇ ಪ್ರಶ್ನೆ. ಮದುವೆ ಮನೆಯಲ್ಲಿ, ಕಾಫಿ ಕ್ಯೂರಿಂಗ್ ಹತ್ತಿರ, ಮಡಿಕೇರಿ ಬಸ್ ನಿಲ್ದಾಣದಲ್ಲಿ. "ಮಗಳಿಗೆ 520 ಬಂದಿದೆ, ಸಿಗುತ್ತಾ?" "ಹುಡುಗನಿಗೆ 480, ಏನಾದರೂ ಆಗಬಹುದಾ?" ಕೇಳುವವರ ಮುಖದಲ್ಲಿ ಎರಡು ವರ್ಷದ ಕಷ್ಟ ಕಾಣುತ್ತದೆ. ಹೆಚ್ಚಿನ ಮಕ್ಕಳು ಮನೆ ಬಿಟ್ಟು ಮಂಗಳೂರು, ಮೂಡುಬಿದಿರೆ, ಮೈಸೂರು ಅಂತ ಹಾಸ್ಟೆಲ್‌ನಲ್ಲಿದ್ದು ಓದಿರುತ್ತಾರೆ. ಅವರಿಗೆ ಸುಮ್ನೆ "ಸಿಗಬಹುದು, ನೋಡೋಣ" ಅಂತ ಹೇಳಿ ಕಳಿಸುವುದು ನನಗೆ ಇಷ್ಟವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಬರೀ ಅಂಕ ಕೇಳಿ ಸೀಟು ಸಿಗುತ್ತದೋ ಇಲ್ಲವೋ ಅಂತ ಯಾರೂ ಹೇಳಲು ಆಗುವುದಿಲ್ಲ. ಹೇಳಿದರೆ ನಂಬಬೇಡಿ.

ಯಾಕೆ ಅಂತ ನೋಡಿ. 2024ರಲ್ಲಿ 650 ಅಂಕ ಬಂದ ಮಗುವಿನ ಅಖಿಲ ಭಾರತ ರ‍್ಯಾಂಕ್ ಸುಮಾರು 30 ಸಾವಿರದ ಹತ್ತಿರ ಇತ್ತು. ಆ ವರ್ಷ 720ಕ್ಕೆ 720 ತೆಗೆದವರೇ ಮೊದಲ ಪಟ್ಟಿಯಲ್ಲಿ 67 ಮಂದಿ ಇದ್ದರು, ಗಲಾಟೆ ಆಗಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ತಿದ್ದಿದ ಮೇಲೆ 17 ಆಯಿತು. ಮರುವರ್ಷ, 2025ರಲ್ಲಿ, ಭೌತಶಾಸ್ತ್ರದ ಪ್ರಶ್ನೆಗಳು ಮಕ್ಕಳನ್ನು ಅಳಿಸಿಬಿಟ್ಟವು. ಇಡೀ ದೇಶದಲ್ಲಿ ಮೊದಲು ಬಂದವರ ಅಂಕವೇ 686. 650 ದಾಟಿದವರು ದೇಶಕ್ಕೆಲ್ಲ ಸೇರಿ 73 ಜನ. ಅಂದರೆ ಒಂದು ವರ್ಷ 30 ಸಾವಿರ ಜನರ ಹಿಂದೆ ನಿಲ್ಲಿಸಿದ ಅಂಕ, ಮುಂದಿನ ವರ್ಷ ಮೊದಲ ನೂರರ ಒಳಗೆ ತಂದು ನಿಲ್ಲಿಸಿತು. ಅಂಕ ಒಂದೇ. ಹಾಗಾಗಿ ಪಕ್ಕದ ಮನೆ ಹುಡುಗನಿಗೆ ಎರಡು ವರ್ಷದ ಹಿಂದೆ ಎಷ್ಟು ಬಂದಿತ್ತು, ಅವನಿಗೆ ಎಲ್ಲಿ ಸಿಕ್ಕಿತು ಅನ್ನುವ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲ, ಸುಮ್ಮನೆ ಮನಸ್ಸು ಕೆಡುತ್ತದೆ ಅಷ್ಟೆ.

ನೋಡಬೇಕಾದದ್ದು ರ‍್ಯಾಂಕ್. ಅದಾದ ಮೇಲೆ, ಆ ರ‍್ಯಾಂಕ್ ಹಿಡಿದುಕೊಂಡು ನೀವು ಯಾವ ಸಾಲಿನಲ್ಲಿ ನಿಲ್ಲಬಹುದು ಅನ್ನುವುದು. ಒಬ್ಬರಿಗೆ ಒಂದೇ ಸಾಲು ಇರುವುದಿಲ್ಲ, ಮೂರು ನಾಲ್ಕು ಇರಬಹುದು. ಅರ್ಧ ಜನ ತಮಗೆ ಇರುವ ಸಾಲುಗಳೇ ಗೊತ್ತಿಲ್ಲದೆ ಒಂದೇ ಕಡೆ ನಿಂತಿರುತ್ತಾರೆ.

ಪರೀಕ್ಷೆಯ ಲೆಕ್ಕ ಹೆಚ್ಚಿನವರಿಗೆ ಗೊತ್ತಿದೆ, ಬೇಗ ಹೇಳಿ ಮುಗಿಸುತ್ತೇನೆ. 180 ಪ್ರಶ್ನೆ, 720 ಅಂಕ. ಜೀವಶಾಸ್ತ್ರದಿಂದ 90, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಿಂದ 45, 45. ಸರಿಯಾದರೆ 4, ತಪ್ಪಾದರೆ 1 ಕಳೆಯುತ್ತಾರೆ. ಇಬ್ಬರಿಗೆ ಸಮ ಅಂಕ ಬಂದರೆ ಮೊದಲು ಜೀವಶಾಸ್ತ್ರ, ಆಮೇಲೆ ರಸಾಯನಶಾಸ್ತ್ರ, ಆಮೇಲೆ ಭೌತಶಾಸ್ತ್ರದ ಅಂಕ ನೋಡುತ್ತಾರೆ. ಕನ್ನಡದಲ್ಲೂ ಬರೆಯಬಹುದು.

ಇನ್ನು "ಕ್ವಾಲಿಫೈ ಆಗಿದೆ" ಅನ್ನುವ ಮಾತು. ಇದರಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್, ಒಬಿಸಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ 40ನೇ ಪರ್ಸೆಂಟೈಲ್ ಬಂದರೆ ಅರ್ಹತೆ. 50ನೇ ಪರ್ಸೆಂಟೈಲ್ ಅಂದರೆ 50 ಶೇಕಡಾ ಅಂಕ ಅಲ್ಲ. ಪರೀಕ್ಷೆ ಬರೆದವರಲ್ಲಿ ಅರ್ಧ ಜನ ನಿಮಗಿಂತ ಹಿಂದೆ ಇದ್ದಾರೆ ಅಂತ ಅರ್ಥ, ಅಷ್ಟೇ. 2022ರಲ್ಲಿ ಸಾಮಾನ್ಯ ವರ್ಗದ ಅರ್ಹತಾ ಅಂಕ 117 ಇತ್ತು, 2023ರಲ್ಲಿ 137, 2025ರಲ್ಲಿ 144. 720ಕ್ಕೆ 144 ಅಂದರೆ 20 ಶೇಕಡಾ. 2025ರಲ್ಲಿ ಬರೆದವರು ಸುಮಾರು 22 ಲಕ್ಷ, ಅರ್ಹರಾದವರು 12 ಲಕ್ಷಕ್ಕೂ ಜಾಸ್ತಿ. ದೇಶದಲ್ಲಿ ಎಂಬಿಬಿಎಸ್ ಸೀಟುಗಳು ಸುಮಾರು 1.2 ಲಕ್ಷ. ಅರ್ಹರಾದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಸೀಟಿಲ್ಲ. ಇರುವ ಸೀಟುಗಳಲ್ಲೂ ಹೆಚ್ಚುಕಮ್ಮಿ ಅರ್ಧ ಖಾಸಗಿಯವು, ಅಲ್ಲಿ ಹಣದ ಲೆಕ್ಕ ಬೇರೆ.

ಅರ್ಹತೆ ಬಂದರೆ ಕೌನ್ಸೆಲಿಂಗ್‌ಗೆ, ಅಂದರೆ ಸೀಟು ಹಂಚುವ ಪ್ರಕ್ರಿಯೆಗೆ, ಹೆಸರು ಕೊಡಬಹುದು. ಅದಕ್ಕಿಂತ ಜಾಸ್ತಿ ಏನೂ ಇಲ್ಲ.

ಈಗ ಸಾಲುಗಳು. ನಮ್ಮ ಮಡಿಕೇರಿಯ ಕಾಲೇಜನ್ನೇ ತೆಗೆದುಕೊಳ್ಳೋಣ. ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ 2016ರಲ್ಲಿ ಶುರುವಾಯಿತು, 150 ಸೀಟು, ಸರ್ಕಾರಿ ಕಾಲೇಜು. ಇದರ 150ಕ್ಕೂ ಒಂದೇ ಪಟ್ಟಿಯಿಂದ ಭರ್ತಿ ಆಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸರ್ಕಾರಿ ಕಾಲೇಜಿನ 15 ಶೇಕಡಾ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಇಲ್ಲಿ ಅದು 22, 23 ಸೀಟು. ಅದನ್ನು ದೆಹಲಿಯ ಎಂಸಿಸಿ, ಅಂದರೆ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಹಂಚುತ್ತದೆ. ಬಿಹಾರದ ಮಗುವೂ ಬರಬಹುದು, ರಾಜಸ್ಥಾನದ ಮಗುವೂ ಬರಬಹುದು. ಉಳಿದ 85 ಶೇಕಡಾ ಕರ್ನಾಟಕದ ಮಕ್ಕಳಿಗೆ, ಅದನ್ನು ಹಂಚುವುದು ಬೆಂಗಳೂರಿನ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಕೊಡಗಿನವರಿಗೆ ಅಂತ ಪ್ರತ್ಯೇಕ ಸೀಟು ಇಲ್ಲ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ "ನಮ್ಮ ಊರಿನ ಕಾಲೇಜಲ್ವಾ, ನಮಗೆ ಸ್ವಲ್ಪ ಸುಲಭ ಇರಬೇಕು" ಅನ್ನುವ ಆಸೆ ಬಹಳ ಮನೆಗಳಲ್ಲಿದೆ.

ಎಂಸಿಸಿಯ ಸಾಲಿನಲ್ಲಿ ಅಖಿಲ ಭಾರತ ಕೋಟಾ ಮಾತ್ರ ಅಲ್ಲ, ಏಮ್ಸ್, ಜಿಪ್‌ಮರ್‌ನಂಥ ಕೇಂದ್ರ ಸರ್ಕಾರದ ಸಂಸ್ಥೆಗಳು, ಡೀಮ್ಡ್ ವಿಶ್ವವಿದ್ಯಾಲಯಗಳೂ (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳು) ಇವೆ. ನಮಗೆ ಹತ್ತಿರದ ಮಣಿಪಾಲ, ಮೈಸೂರಿನ ಜೆಎಸ್‌ಎಸ್, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ, ಯೆನೆಪೋಯ ಎಲ್ಲ ಡೀಮ್ಡ್. ಇವು ಕರ್ನಾಟಕದಲ್ಲಿದ್ದರೂ ಕೆಇಎ ಪಟ್ಟಿಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಕೆಇಎ ಸಾಲಿನಲ್ಲಿ ಇರುವುದು ರಾಜ್ಯದ ಸರ್ಕಾರಿ ಕಾಲೇಜುಗಳು ಮತ್ತು ಡೀಮ್ಡ್ ಅಲ್ಲದ ಖಾಸಗಿ ಕಾಲೇಜುಗಳು. ಘಟ್ಟ ಇಳಿದರೆ ಸಿಗುವ ಸುಳ್ಯದ ಕೆವಿಜಿ, ಮಂಗಳೂರಿನ ಫಾದರ್ ಮುಲ್ಲರ್ ಇಲ್ಲಿ ಬರುತ್ತವೆ. ಎರಡೂ ಕಡೆ ಬೇರೆ ಬೇರೆ ನೋಂದಣಿ ಮಾಡಬೇಕು. ಎರಡಕ್ಕೂ ಹಾಕಿ ಅಂತಲೇ ನಾನು ಹೇಳುವುದು. ಆದರೆ ಸಾಮಾನ್ಯ ವರ್ಗದಲ್ಲಿ ಅಖಿಲ ಭಾರತ ಕೋಟಾದ ಸರ್ಕಾರಿ ಸೀಟುಗಳು ಈಚಿನ ವರ್ಷಗಳಲ್ಲಿ 20 ಸಾವಿರದ ಆಸುಪಾಸಿನ ರ‍್ಯಾಂಕಿಗೆ ಮುಗಿದುಹೋಗುತ್ತಿವೆ. ಕರ್ನಾಟಕದ ಸಾಲು ಅದಕ್ಕಿಂತ ಎಷ್ಟೋ ಹಿಂದಿನ ರ‍್ಯಾಂಕಿನವರೆಗೂ ಬರುತ್ತದೆ. ನಮ್ಮ ರಾಜ್ಯದಲ್ಲಿ ಕಾಲೇಜು ಜಾಸ್ತಿ ಇರುವುದೇ ಅದಕ್ಕೆ ಮುಖ್ಯ ಕಾರಣ. ಹಾಗಾಗಿ ಕೊಡಗಿನ ಹೆಚ್ಚಿನ ಮಕ್ಕಳಿಗೆ ನಿಜವಾದ ಅವಕಾಶ ಇರುವುದು ಕೆಇಎಯಲ್ಲಿ.

ಆ ಸಾಲಿಗೆ ಸೇರಲು ಒಂದು ಷರತ್ತಿದೆ. ಸಾಮಾನ್ಯವಾಗಿ 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ನಮ್ಮ ಕಡೆ ಮಕ್ಕಳನ್ನು ಊಟಿಯ ಬೋರ್ಡಿಂಗ್ ಶಾಲೆಗೋ ಕೇರಳದ ಗಡಿಯಾಚೆಗೋ ಕಳಿಸುವ ಮನೆಗಳಿವೆ. ಅವರು ಈ ವರ್ಷಗಳನ್ನು ಬೆರಳೆಣಿಸಿ ನೋಡಿಕೊಳ್ಳಬೇಕು. ಅಪ್ಪ ಸೇನೆಯಲ್ಲಿದ್ದು ಊರೂರು ತಿರುಗಿ ಓದಿದ ಮಕ್ಕಳಿಗೆ ಬೇರೆ ನಿಯಮಗಳಿವೆ, ಹೆದರಬೇಕಿಲ್ಲ. ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ವರ್ಗದಲ್ಲಿ ಕೆಲವು ಸೀಟುಗಳೂ ಇವೆ. ಮನೆಗೊಬ್ಬ ಸೈನಿಕ ಇರುವ ಜಿಲ್ಲೆ ನಮ್ಮದು, ಆದರೂ ಎಷ್ಟೋ ಮನೆಯವರು ಅರ್ಜಿ ತುಂಬುವಾಗ ಆ ಜಾಗವನ್ನು ಖಾಲಿ ಬಿಡುತ್ತಾರೆ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಯಾವ ಪತ್ರ ಬೇಕು ಅಂತ ಮಾರ್ಚ್, ಏಪ್ರಿಲ್‌ನಲ್ಲೇ ವಿಚಾರಿಸಿ ಇಟ್ಟುಕೊಳ್ಳಿ.

ಕೆಇಎ ಸಾಲಿನ ಒಳಗೇ ಇನ್ನೂ ಸಾಲುಗಳಿವೆ. ಜಿಎಂ ಅಂದರೆ ಸಾಮಾನ್ಯ ಅರ್ಹತೆ, ಇದು ಎಲ್ಲರಿಗೂ ತೆರೆದದ್ದು. ಅದರ ಜೊತೆ ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ. ಕೊಡವರು, ಒಕ್ಕಲಿಗರು ರಾಜ್ಯದ ಪಟ್ಟಿಯಲ್ಲಿ 3ಎ. ಅರೆಭಾಷೆ ಗೌಡರೂ ಅದರಲ್ಲೇ ಬರುತ್ತಾರೆ. ಯರವರು, ಜೇನು ಕುರುಬರು ಪರಿಶಿಷ್ಟ ಪಂಗಡ. ಒಂದು ಎಚ್ಚರ: ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ಎಂಸಿಸಿಯಲ್ಲಿ ಒಬಿಸಿ ಅಂತ ಹಾಕಬೇಕಾದರೆ ನಿಮ್ಮ ಸಮುದಾಯ ಕೇಂದ್ರದ ಪಟ್ಟಿಯಲ್ಲಿ ಇರಬೇಕು, ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು. ಇಲ್ಲಿಯ 3ಎ ಪತ್ರ ಅಲ್ಲಿ ನಡೆಯುವುದಿಲ್ಲ.

ಈ ಪ್ರತಿ ವರ್ಗದ ಒಳಗೂ ಎರಡು ಬಾಗಿಲುಗಳಿವೆ. ಒಂದು ಗ್ರಾಮೀಣ, 15 ಶೇಕಡಾ. ಇನ್ನೊಂದು ಕನ್ನಡ ಮಾಧ್ಯಮ, 5 ಶೇಕಡಾ. 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ್ದರೆ ಮೊದಲನೆಯದು, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಎರಡನೆಯದು. ಪಿಯುಸಿ ಎಲ್ಲಿ ಓದಿದ್ದೀರಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಇದನ್ನು ಎರಡು ಸಲ ಓದಿ, ಯಾಕೆಂದರೆ "ನಮ್ಮ ಮಗ ಮಂಗಳೂರಿನಲ್ಲಿ ಪಿಯುಸಿ ಮಾಡಿದ, ಇನ್ನು ಗ್ರಾಮೀಣ ಎಲ್ಲಿಂದ ಬರುತ್ತದೆ" ಅಂತ ಕೈಬಿಟ್ಟವರು ಇದ್ದಾರೆ. ನಾಪೋಕ್ಲು ಕಡೆಯ, ಶ್ರೀಮಂಗಲ ಕಡೆಯ, ಶಾಂತಳ್ಳಿ ಕಡೆಯ ಹಳ್ಳಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ ಮಗುವಿಗೆ ಇದು ನ್ಯಾಯವಾಗಿ ಸಿಗಬೇಕಾದ ಜಾಗ. ಆದರೆ ಒಂದು ವರ್ಷ ಮಡಿಕೇರಿ ನಗರಸಭೆ ವ್ಯಾಪ್ತಿಯ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಹೋಯಿತು. ಪಟ್ಟಣ ಪಂಚಾಯಿತಿ, ಪುರಸಭೆ ವ್ಯಾಪ್ತಿಯೂ ಗ್ರಾಮೀಣ ಅಲ್ಲ. ಪತ್ರಕ್ಕೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಜಿಎಂ ವರ್ಗದವರು ಗ್ರಾಮೀಣ ಕೇಳಿದರೆ ಕೆನೆಪದರದಲ್ಲಿ ಇಲ್ಲ ಅನ್ನುವ ಪತ್ರವೂ ಬೇಕು. ಜಾತಿ, ಆದಾಯ ಪತ್ರಗಳು ನಾಡಕಚೇರಿಯಿಂದ, ಅದರ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ತೋಟ ಇರುವವರು ಆದಾಯದ ಲೆಕ್ಕ ಹೇಗೆ ಅಂತ ತಾಲ್ಲೂಕು ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ, ಕೊನೆಯ ದಿನ ಓಡಿದರೆ ಕೆಲಸ ಆಗುವುದಿಲ್ಲ.

ಒಂದು ಉದಾಹರಣೆ ಇಟ್ಟು ನೋಡೋಣ. ಒಬ್ಬ ಹುಡುಗಿ, 3ಎ, ಹಳ್ಳಿ ಶಾಲೆಯಲ್ಲಿ ಹತ್ತು ವರ್ಷ ಓದಿದ್ದಾಳೆ, ಇಂಗ್ಲಿಷ್ ಮಾಧ್ಯಮ. ಅವಳ ಅಖಿಲ ಭಾರತ ರ‍್ಯಾಂಕ್ 50 ಸಾವಿರ ಅಂತ ಇಟ್ಟುಕೊಳ್ಳಿ. ಅಖಿಲ ಭಾರತ ಕೋಟಾದಲ್ಲಿ ಅವಳಿಗೆ ಸರ್ಕಾರಿ ಎಂಬಿಬಿಎಸ್ ಕಷ್ಟ. ಕೆಇಎಯಲ್ಲಿ ಅವಳ ಮುಂದೆ ನಾಲ್ಕು ಸಾಲು ತೆರೆದಿವೆ: ಜಿಎಂ, ಜಿಎಂ ಗ್ರಾಮೀಣ, 3ಎ, 3ಎ ಗ್ರಾಮೀಣ. ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ, ಅಂದರೆ ಯಾವ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಅನ್ನುವ ಪಟ್ಟಿ ಇರುತ್ತದೆ. ಪ್ರತಿ ಕಾಲೇಜಿನ ಮುಂದೆ ಜಿಎಂ, ಜಿಎಂಕೆ, ಜಿಎಂಆರ್, 3ಎಜಿ, 3ಎಕೆ, 3ಎಆರ್ ಅಂತ ಕಾಲಂಗಳು. ಕೊನೆಯ ಅಕ್ಷರ ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ, 3ಎ ಮುಂದೆ ಜಿ ಅಂದರೆ ಆ ವರ್ಗದ ಸಾಮಾನ್ಯ ಸೀಟು. ಪಕ್ಕದಲ್ಲಿ ಎಚ್ ಇದ್ದರೆ ಅದು ಕಲ್ಯಾಣ ಕರ್ನಾಟಕದ ಮಕ್ಕಳಿಗೆ, ನಮಗಲ್ಲ. ಹುಡುಗಿ ತನ್ನ ನಾಲ್ಕು ಕಾಲಂಗಳಲ್ಲಿ ಪ್ರತಿ ಕಾಲೇಜಿನ ಕೊನೆಯ ರ‍್ಯಾಂಕ್ ನೋಡಬೇಕು. ನಾಲ್ಕರಲ್ಲಿ ಯಾವುದರಲ್ಲಾದರೂ ಆ ಸಂಖ್ಯೆ 50 ಸಾವಿರಕ್ಕಿಂತ ದೊಡ್ಡದಿದ್ದರೆ ಹೋದ ವರ್ಷ ಅವಳಿಗೆ ಅಲ್ಲಿ ಸಿಗುತ್ತಿತ್ತು. ಈ ವರ್ಷವೂ ಸಿಗುವ ಸಾಧ್ಯತೆ ಚೆನ್ನಾಗಿದೆ.

ಪಟ್ಟಿ ಓದುವಾಗ ಎರಡು ತಪ್ಪು ಸಾಮಾನ್ಯ. ಒಂದು, ಮೊದಲ ಸುತ್ತಿನ ಪಟ್ಟಿ ನೋಡಿ ಆಸೆ ಬಿಡುವುದು. ಮೊದಲ ಸುತ್ತಿನಲ್ಲಿ ಸೀಟು ಪಡೆದ ಒಳ್ಳೆಯ ರ‍್ಯಾಂಕಿನವರು ಆಮೇಲೆ ಎಂಸಿಸಿ ಸೀಟಿಗೆ ಹೋಗುತ್ತಾರೆ, ಇನ್ನೂ ಒಳ್ಳೆಯ ಕಾಲೇಜಿಗೆ ಮೇಲೇರುತ್ತಾರೆ, ಅವರು ಬಿಟ್ಟ ಜಾಗ ಹಿಂದಿನವರಿಗೆ ಬರುತ್ತದೆ. ಎರಡನೇ, ಮೂರನೇ ಸುತ್ತಿನ ಪಟ್ಟಿಗಳನ್ನೂ ತೆಗೆದು ನೋಡಿ. ಎರಡು, ಒಂದೇ ವರ್ಷದ ಪಟ್ಟಿಯನ್ನು ನಂಬುವುದು. ಒಂದು ವರ್ಗದ ಗ್ರಾಮೀಣ ಕಾಲಂನಲ್ಲಿ ಒಂದು ಕಾಲೇಜಿಗೆ ಒಂದೋ ಎರಡೋ ಸೀಟು ಇರುತ್ತದೆ, ಒಬ್ಬರು ಆ ಕಡೆ ಈ ಕಡೆ ಹೋದರೂ ಕೊನೆಯ ರ‍್ಯಾಂಕ್ ಸಾವಿರಾರು ಜಿಗಿಯುತ್ತದೆ. ಮೂರು ವರ್ಷದ ಪಟ್ಟಿ ಪಕ್ಕದಲ್ಲಿಟ್ಟು ನೋಡಿದರೆ ಅಂದಾಜು ಗಟ್ಟಿಯಾಗುತ್ತದೆ. ಪರೀಕ್ಷೆ ಬರೆದವರ ಸಂಖ್ಯೆಯೂ ನೆನಪಿರಲಿ. 2021ರಲ್ಲಿ 15 ಲಕ್ಷ ಚಿಲ್ಲರೆ ಇದ್ದದ್ದು 2024ರಲ್ಲಿ 23 ಲಕ್ಷ ದಾಟಿತು. ಆದ್ದರಿಂದ ತುಂಬಾ ಹಳೆಯ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ.

ಹಣದ ಮಾತಿಗೆ ಬರೋಣ. ಸರ್ಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಸುಮಾರು 60ರಿಂದ 65 ಸಾವಿರ. ಖಾಸಗಿ ಕಾಲೇಜಿನಲ್ಲೂ ಸುಮಾರು 40 ಶೇಕಡಾ ಸೀಟು ಸರ್ಕಾರಿ ಕೋಟಾದ್ದು, ಅದಕ್ಕೆ ವರ್ಷಕ್ಕೆ ಹೆಚ್ಚುಕಮ್ಮಿ ಒಂದೂವರೆ ಲಕ್ಷ. ಅದೇ ಕಾಲೇಜು, ಅದೇ ತರಗತಿ, ಆದರೆ ಖಾಸಗಿ ಸೀಟು ಆದರೆ ವರ್ಷಕ್ಕೆ 10ರಿಂದ 12 ಲಕ್ಷ. ಎನ್‌ಆರ್‌ಐ ಮತ್ತು ಇತರೆ ಸೀಟು ಅದಕ್ಕಿಂತ ಎಷ್ಟೋ ಮೇಲೆ. ಡೀಮ್ಡ್‌ನಲ್ಲಿ ಸಾಮಾನ್ಯವಾಗಿ 15 ಲಕ್ಷ ದಾಟುತ್ತದೆ. ಕೋರ್ಸು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. 12 ಲಕ್ಷದ ಸೀಟಿಗೆ ಶುಲ್ಕವೇ 54 ಲಕ್ಷ ಆಯಿತು, ಹಾಸ್ಟೆಲ್, ಊಟ ಬೇರೆ. ಕಾಫಿಗೆ, ಕಾಳುಮೆಣಸಿಗೆ ಈಗ ಬೆಲೆ ಇದೆ ಅಂತ ನಾಲ್ಕೂವರೆ ವರ್ಷದ ಫೀಸಿಗೆ ಒಪ್ಪಿಕೊಳ್ಳುವ ಮೊದಲು ದಯವಿಟ್ಟು ಕೂತು ಲೆಕ್ಕ ಹಾಕಿ. ಕಾಫಿ ಬೆಲೆ ಬಿದ್ದ ವರ್ಷಗಳನ್ನು ನಾವೆಲ್ಲ ನೋಡಿದ್ದೇವೆ. ಎರಡನೇ ವರ್ಷಕ್ಕೆ ಹಣ ಹೊಂದದೆ ತೋಟ ಅಡವಿಡುವ ಪರಿಸ್ಥಿತಿ ಮಗುವಿಗೂ ಒಳ್ಳೆಯದಲ್ಲ.

ಹಾಗಾಗಿ "ನನ್ನ ರ‍್ಯಾಂಕಿಗೆ ಸೀಟು ಸಿಗುತ್ತಾ" ಅನ್ನುವ ಪ್ರಶ್ನೆಗೆ ಉತ್ತರ ಶುಲ್ಕದ ಮೇಲೂ ನಿಂತಿದೆ. ಒಂದೇ ಕಾಲೇಜಿನ ಸರ್ಕಾರಿ ಕೋಟಾ ಸೀಟು ಮತ್ತು ಖಾಸಗಿ ಸೀಟಿನ ಕೊನೆಯ ರ‍್ಯಾಂಕ್ ನಡುವೆ ದೊಡ್ಡ ಅಂತರ ಇರುತ್ತದೆ.

ಆಪ್ಷನ್ ಎಂಟ್ರಿ ಅಂದರೆ ಯಾವ ಕಾಲೇಜು ಮೊದಲು ಬೇಕು, ಯಾವುದು ಆಮೇಲೆ ಅಂತ ಪಟ್ಟಿ ಮಾಡುವುದು. ಇಲ್ಲಿ ಬುದ್ಧಿವಂತಿಕೆ ಮಾಡಲು ಹೋಗಬೇಡಿ. "ಬೆಂಗಳೂರು ಮೆಡಿಕಲ್ ಕಾಲೇಜು ಮೇಲೆ ಹಾಕಿದರೆ ಸಿಗದೆ, ಕೆಳಗಿನದ್ದೂ ಕೈ ತಪ್ಪುತ್ತದೆ" ಅನ್ನುವ ಭಯ ಸುಳ್ಳು. ಕಂಪ್ಯೂಟರ್ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು ಅವರ ಮೊದಲ ಆಯ್ಕೆ ಇದೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ನಿಮ್ಮ ಸರದಿ ಬಂದಾಗ ಖಾಲಿ ಇರುವುದರಲ್ಲಿ ನೀವು ಎಲ್ಲಕ್ಕಿಂತ ಮೇಲೆ ಬರೆದದ್ದು ನಿಮಗೆ. ಸಿಗದ ಕಾಲೇಜನ್ನು ಮೇಲೆ ಬರೆದರೆ ನಷ್ಟ ಇಲ್ಲ. ನಷ್ಟ ಆಗುವುದು ಸೇರಲು ಆಗದ ಸೀಟನ್ನು ಬರೆದರೆ. ಖಾಸಗಿ ಸೀಟಿನ ಶುಲ್ಕ ಕಟ್ಟಲು ಹಣ ಇಲ್ಲದಿದ್ದರೆ ಅದನ್ನು ಪಟ್ಟಿಗೇ ಸೇರಿಸಬೇಡಿ. ಪ್ರತಿ ಆಯ್ಕೆಯ ಪಕ್ಕದಲ್ಲಿ ಶುಲ್ಕ ಕಾಣುತ್ತದೆ, ಅದನ್ನು ನೋಡಿಯೇ ಮುಂದೆ ಹೋಗಿ.

ಮೊದಲು ಅಣಕು ಹಂಚಿಕೆ, ಅಂದರೆ ಯಾವ ಸೀಟು ಬರಬಹುದು ಅಂತ ತೋರಿಸುವ ಪ್ರಾಯೋಗಿಕ ಪಟ್ಟಿ, ಬಂದ ಮೇಲೆ ಆಯ್ಕೆಗಳನ್ನು ಬದಲಾಯಿಸಲು ಅವಕಾಶ ಕೊಡುತ್ತಾರೆ. ನಿಜವಾದ ಹಂಚಿಕೆ ಆದ ಮೇಲೆ ಚಾಯ್ಸ್ ಕೇಳುತ್ತಾರೆ. ಚಾಯ್ಸ್ 1 ಅಂದರೆ ಇದೇ ಸಾಕು, ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಇರಲಿ, ಆದರೆ ಮುಂದಿನ ಸುತ್ತಿನಲ್ಲಿ ಮೇಲಿನದ್ದು ಸಿಕ್ಕರೆ ಬೇಕು. ಚಾಯ್ಸ್ 3 ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಬಿಡಿ. ಚಾಯ್ಸ್ 4 ಅಂದರೆ ನನಗೆ ಸೀಟೇ ಬೇಡ. ಮೊದಲ ಸುತ್ತಿನಲ್ಲಿ ಸರ್ಕಾರಿ ಸೀಟು ಸಿಕ್ಕಿದ್ದರೆ ಚಾಯ್ಸ್ 2 ಹೆಚ್ಚಿನವರಿಗೆ ಸರಿ. ಆದರೆ ಮೇಲಿನದ್ದು ಸಿಕ್ಕಿತು ಅಂದರೆ ಹಳೆಯದು ತಾನಾಗಿ ರದ್ದಾಗುತ್ತದೆ, ಮತ್ತೆ ಹಿಂದಕ್ಕೆ ಬರಲು ಆಗುವುದಿಲ್ಲ. ಮಡಿಕೇರಿಯಲ್ಲಿ ಮನೆಯಿಂದಲೇ ಓದಬಹುದು ಅಂತ ಒಳಗೊಳಗೆ ಆಸೆ ಇದ್ದರೆ, ಅದಕ್ಕಿಂತ ಮೇಲೆ ದೂರದ ಊರುಗಳನ್ನು ಬರೆದಿಡಬೇಡಿ.

ಇದೆಲ್ಲ ನಡೆಯುವುದು ಸರಿಯಾಗಿ ನಮ್ಮ ಮಳೆಗಾಲದಲ್ಲಿ. ಈಚೆಗೆ ಮೊದಲ ಸುತ್ತು ಕಕ್ಕಡ ತಿಂಗಳ (ಜುಲೈ, ಆಗಸ್ಟ್) ಆಸುಪಾಸಿಗೆ ಬರುತ್ತಿದೆ, ಕೊನೆಯ ಸುತ್ತುಗಳು ಅಕ್ಟೋಬರ್‌ನ ತುಲಾ ಸಂಕ್ರಮಣದವರೆಗೂ ಎಳೆಯುತ್ತವೆ. ಕರೆಂಟು ಮೂರು ದಿನ ಇಲ್ಲ, ನೆಟ್‌ವರ್ಕ್ ಇಲ್ಲ, ರಸ್ತೆ ಮೇಲೆ ಮರ ಬಿದ್ದಿದೆ. ಕೆಇಎ ಕೊಡುವ ಸಮಯ ಮಾತ್ರ ಎರಡು ಮೂರು ದಿನ. ಆಪ್ಷನ್ ಪಟ್ಟಿಯನ್ನು ಕಾಗದದಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಮೈಸೂರಿನಲ್ಲೋ ಕುಶಾಲನಗರದಲ್ಲೋ ನೆಂಟರಿದ್ದರೆ ಆ ವಾರ ಅಲ್ಲಿಗೆ ಹೋಗಿ ಕೂರಿ. ಪಾಸ್‌ವರ್ಡ್, ಒಟಿಪಿ ಬರುವ ಫೋನ್ ಎರಡೂ ಮಗುವಿನ ಹತ್ತಿರವೇ ಇರಲಿ. ಸೈಬರ್ ಸೆಂಟರಿನವರಿಗೆ ಪಾಸ್‌ವರ್ಡ್ ಕೊಟ್ಟು ಮನೆಗೆ ಬರಬೇಡಿ.

ಫಲಿತಾಂಶದ ಮರುದಿನದಿಂದ ಫೋನ್ ಶುರುವಾಗುತ್ತದೆ. "ಸರ್, ಮ್ಯಾನೇಜ್‌ಮೆಂಟ್ ಸೀಟು ಇದೆ, ಮುಂಗಡ ಕಟ್ಟಿದರೆ ಹಿಡಿದಿಡುತ್ತೇವೆ." ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಖಾಸಗಿ, ಎನ್‌ಆರ್‌ಐ, ಡೀಮ್ಡ್ ಯಾವುದೇ ಇರಲಿ, ಎಂಬಿಬಿಎಸ್ ಸೀಟು ಹಂಚುವುದು ಕೆಇಎ ಅಥವಾ ಎಂಸಿಸಿ ಮಾತ್ರ. ಕೊನೆಗೆ ಉಳಿದ ಸೀಟುಗಳೂ ಹಾಗೆಯೇ. ಸೀಟು ಹಿಡಿದಿಡುವ ಅಧಿಕಾರ ಯಾವ ಏಜೆಂಟಿಗೂ ಇಲ್ಲ. ನಿಮ್ಮ ರ‍್ಯಾಂಕಿಗೆ ತಾನಾಗಿ ಬರುವ ಸೀಟನ್ನೇ ತಾವು ಕೊಡಿಸಿದ್ದು ಅಂತ ಹೇಳಿ ಹಣ ಕೀಳುವವರೇ ಜಾಸ್ತಿ.

ಎಂಬಿಬಿಎಸ್ ದೂರ ಅನ್ನಿಸಿದರೆ ಇದೇ ನೀಟ್ ರ‍್ಯಾಂಕಿನ ಮೇಲೆ ದಂತ ವೈದ್ಯಕೀಯ, ಆಯುರ್ವೇದ, ಹೋಮಿಯೋಪಥಿ ಇವೆ. ವಿರಾಜಪೇಟೆಯಲ್ಲೇ ದಂತ ವೈದ್ಯಕೀಯ ಕಾಲೇಜಿದೆ. ಪಶುವೈದ್ಯಕೀಯದ ರಾಜ್ಯದ ಸೀಟುಗಳಿಗೆ, ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ ಸಿಇಟಿ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಬೇಕು, ನೀಟ್ ಅಲ್ಲ. ಅದಕ್ಕೇ ನೀಟ್ ಬರೆಯುವ ಮಕ್ಕಳು ಸಿಇಟಿಯನ್ನೂ ಬಿಡದೆ ಬರೆಯಬೇಕು. ಇನ್ನೊಂದು ವರ್ಷ ಕೂತು ಮತ್ತೆ ನೀಟ್ ಬರೆಯುವ ಯೋಚನೆ ಇದ್ದರೆ, ವಯಸ್ಸಿನ ಮೇಲ್ಮಿತಿ ಇಲ್ಲ, ಇಷ್ಟೇ ಸಲ ಅನ್ನುವ ಲೆಕ್ಕವೂ ಇಲ್ಲ. ಅದನ್ನು ತೀರ್ಮಾನಿಸುವ ಮೊದಲು ಮೇಲೆ ಹೇಳಿದ ಪಟ್ಟಿ ತೆಗೆದು, ನಿಮ್ಮ ಕಾಲಂನ ಮೂರನೇ ಸುತ್ತಿನ ಕೊನೆಯ ರ‍್ಯಾಂಕಿಗೂ ನಿಮ್ಮ ರ‍್ಯಾಂಕಿಗೂ ಎಷ್ಟು ಅಂತರ ಇದೆ ನೋಡಿ. ಐದಾರು ಸಾವಿರದ ಅಂತರ ಆದರೆ ಒಂದು ವರ್ಷ ಕೂರುವುದಕ್ಕೆ ಅರ್ಥ ಇದೆ. ಎರಡು ಮೂರು ಲಕ್ಷದ ಅಂತರ ಆದರೆ ಮಗುವಿನ ಹತ್ತಿರ ಕೂತು, ಅವಳಿಗೆ ನಿಜವಾಗಿ ಏನು ಓದಬೇಕು ಅನ್ನಿಸುತ್ತಿದೆ ಅಂತ ಮೊದಲು ಕೇಳಿ.